ಶಿಫಾರಸು ಪತ್ರದಲ್ಲಿ ‘ಸಿಂಪಲ್’, ‘ಇನ್ನೊಸೆಂಟ್’, ‘ಹೋಮ್ಲಿ’, ‘ಒಬೀಡಿಯಂಟ್’ ಎಂದು ಬರೆದರೆ ತಪ್ಪೇನು?

ಪ್ರಶ್ನೆ: ರಸಾಯನದ ಮೇಷ್ಟರು

ನಾನು ಶಿವಮೊಗ್ಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ 22 ವರ್ಷಗಳಿಂದ ರಸಾಯನಶಾಸ್ತ್ರ ಬೋಧಿಸುತ್ತಿದ್ದೇನೆ. ಇಂಗ್ಲಿಷಿನಲ್ಲಿ ಪಾಠ ಮಾಡುವುದು ನನಗೆ ಅಭ್ಯಾಸವಾಗಿ ಹೋಗಿದೆ. ಆದರೆ ಆಮ್ಲ, ಲವಣಗಳ ಬಗ್ಗೆ ಬರೆದಷ್ಟು ಸಲೀಸಾಗಿ ಮನುಷ್ಯರ ಬಗ್ಗೆ ಆ ಭಾಷೆಯಲ್ಲಿ ಬರೆಯಲು ಬಾರದು. ವರ್ಷಕ್ಕೆ ಒಂದೆರಡು ಬಾರಿ, ವಿದ್ಯಾರ್ಥಿಗಳು ಶಿಫಾರಸು ಪತ್ರ ಕೇಳಿದಾಗ ಮಾತ್ರ, ಅಂಥ ಪ್ರಸಂಗ ಬರುತ್ತದೆ.

ಈ ಬಾರಿ ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿರುವ ವಿದ್ಯಾರ್ಥಿನಿಯೊಬ್ಬಳಿಗೆ ಪತ್ರ ಬರೆದುಕೊಟ್ಟೆ. ಹುಡುಗಿ ಮಿತಭಾಷಿ. ಪ್ರಯೋಗಾಲಯದಲ್ಲಿ ಯಾರೂ ಹೇಳದಿದ್ದರೂ ಎಲ್ಲರ ಬ್ಯೂರೆಟ್ಟುಗಳನ್ನೂ (ದ್ರವ ಅಳೆಯುವ ಗಾಜಿನ ನಳಿಕೆಗಳನ್ನು) ತೊಳೆದಿಟ್ಟು ಹೋಗುವವಳು. ರೀಡಿಂಗ್ ಸರಿ ಬರದಿದ್ದರೆ ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳದೆ ಮತ್ತೊಮ್ಮೆ ಟೈಟ್ರೇಷನ್ (ದ್ರಾವಣದ ಪ್ರಬಲತೆ ಅಳೆಯುವ ಪ್ರಯೋಗ) ಮಾಡುವವಳು. ಅವಳ ನಡತೆಯ ಬಗ್ಗೆ ನಾನು ಬಳಸಿದ ನಾಲ್ಕು ವಿಶೇಷಣಗಳು ಶೀರ್ಷಿಕೆಯಲ್ಲಿವೆ: ಸಿಂಪಲ್, ಇನ್ನೊಸೆಂಟ್, ಹೋಮ್ಲಿ, ಒಬೀಡಿಯಂಟ್. ನಾಲ್ಕೂ ನನ್ನ ಮಟ್ಟಿಗೆ ಹೊಗಳಿಕೆಯೇ. ಎರಡು ದಿನ ಬಿಟ್ಟು ಆ ಹುಡುಗಿ ಬಂದು, ಅಲ್ಲಿಯೇ ಕೆಲಸದಲ್ಲಿರುವ ತನ್ನ ಅಕ್ಕ ಪತ್ರವನ್ನು ಓದಿದಳೆಂದೂ, “ಸರ್ ಬೇಸರ ಮಾಡಿಕೊಳ್ಳಬಾರದು, ಈ ನಾಲ್ಕು ಪದ ತೆಗೆಯಲು ಸಾಧ್ಯವೇ ಕೇಳು” ಎಂದು ಹೇಳಿ ಕಳುಹಿಸಿದಳೆಂದೂ ನೆಲ ನೋಡುತ್ತ ತಿಳಿಸಿದಳು. ಬೇಸರವಾಗಲಿಲ್ಲ, ಆದರೆ ಕುತೂಹಲವಾಯಿತು. ನಿಘಂಟು ತೆರೆದರೆ ಪೊಲೈಟ್, ಸಿವಿಲ್, ಕರ್ಟಿಯಸ್ ಮೂರಕ್ಕೂ ‘ವಿನಯಶೀಲ, ಸಭ್ಯ, ಸೌಜನ್ಯದ’ ಎಂಬ ಅವೇ ಪದಗಳನ್ನು ಹಿಂದುಮುಂದು ಮಾಡಿ ಕೊಟ್ಟಿದ್ದಾರೆ. ಹಾಗಾದರೆ ಈ ಪದಗಳ ನಡುವಿನ ವ್ಯತ್ಯಾಸವನ್ನು ಹಿಡಿಯುವ ಬಗೆ ಹೇಗೆ? ನನ್ನ ನಾಲ್ಕು ಪದಗಳಲ್ಲಿ ಇರುವ ದೋಷವಾದರೂ ಏನು?

ಉತ್ತರ 1: ಮೈಸೂರಿನ ಅನುವಾದಕಿ

ಮೇಷ್ಟರೇ, ಮೊದಲು ನಿಮ್ಮ ನಾಲ್ಕು ಪದಗಳನ್ನು ಮುಗಿಸಿಬಿಡುತ್ತೇನೆ. ಕನ್ನಡದಲ್ಲಿ ನಾವು “ಅವರು ತುಂಬ ಸಿಂಪಲ್” ಎಂದರೆ ಆಡಂಬರವಿಲ್ಲದವರು ಎಂದರ್ಥ. ಇಂಗ್ಲಿಷಿನಲ್ಲಿ ಒಬ್ಬ ವ್ಯಕ್ತಿಗೆ ಆ ಪದವನ್ನು ಒಂಟಿಯಾಗಿ ಅಂಟಿಸಿದರೆ ‘ಬುದ್ಧಿ ಸ್ವಲ್ಪ ಕಡಿಮೆ’ ಎಂಬ ಸೂಚನೆ ಹೊರಡುವ ಅಪಾಯವಿದೆ. ‘ಇನ್ನೊಸೆಂಟ್’ ಎಂದು ಕೇಳದೆಯೇ ಹೇಳಿದರೆ, ಆರೋಪವೇನಾದರೂ ಇತ್ತೇ ಎಂದು ಓದುವವರು ಹುಬ್ಬು ಗಂಟಿಕ್ಕಬಹುದು, ಇಲ್ಲವೇ ಲೋಕಜ್ಞಾನವಿಲ್ಲದವಳು ಎಂದುಕೊಳ್ಳಬಹುದು. ‘ಹೋಮ್ಲಿ’ ನಮ್ಮ ವಧೂವರರ ಜಾಹೀರಾತುಗಳಲ್ಲಿ ಗೃಹಕೃತ್ಯ ಬಲ್ಲ, ಮನೆತನಕ್ಕೆ ಒಗ್ಗುವ ಹುಡುಗಿ ಎಂಬ ಅರ್ಥದಲ್ಲಿ ನೆಲೆಯಾಗಿದೆ. ಅಮೆರಿಕದವರಿಗೆ ಅದರ ಅರ್ಥ ‘ನೋಡಲು ಚೆನ್ನಾಗಿಲ್ಲದವಳು’. ‘ಒಬೀಡಿಯಂಟ್’ ಬಗ್ಗೆ ಅಲ್ಲಿರುವವರೇ ಹೇಳಿದರೆ ಚೆನ್ನು.

ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ನನ್ನ ಅನುಭವದಲ್ಲಿ, ನಡತೆಯನ್ನು ಹೇಳುವ ಇಂಗ್ಲಿಷ್ ಪದವೊಂದನ್ನು ತೂಗುವಾಗ ಅದರ ‘ಅರ್ಥ’ಕ್ಕಿಂತ ಮೊದಲು ನೋಡಬೇಕಾದದ್ದು ಅದನ್ನು ಆಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು. ಈ ಪದಗಳಿಗೆ ಇಳಿಜಾರು ಇದೆ. ಕೆಲವು ಮೇಲಿನಿಂದ ಕೆಳಕ್ಕೆ ಹರಿಯುತ್ತವೆ, ಕೆಲವು ಕೆಳಗಿನಿಂದ ಮೇಲಕ್ಕೆ ನೋಡುತ್ತವೆ. ‘ಗ್ರೇಷಸ್’ ಎಂಬುದು ಗೆದ್ದವನು ಸೋತವನಿಗೆ, ಮನೆಯವರು ಅತಿಥಿಗೆ, ದೊಡ್ಡವರು ಚಿಕ್ಕವರಿಗೆ ತೋರುವ ಸೌಜನ್ಯ. ವಿದ್ಯಾರ್ಥಿಯೊಬ್ಬ ಪ್ರಾಂಶುಪಾಲರೊಂದಿಗೆ ಗ್ರೇಷಸ್ ಆಗಿ ನಡೆದುಕೊಂಡ ಎಂದು ಬರೆದರೆ ಯಾರು ಯಾರಿಗೆ ಪ್ರಾಂಶುಪಾಲರು ಎಂಬ ಅನುಮಾನ ಬರುತ್ತದೆ. ‘ಡೆಫರೆನ್ಷಲ್’ ಎಂಬುದು ಚಿಕ್ಕವನು ದೊಡ್ಡವನಿಗೆ ಕೊಡುವ ಮರ್ಯಾದೆ, ಅದರಲ್ಲಿ ಅವಮಾನವಿಲ್ಲ. ಅದೇ ಬಾಗುವಿಕೆಯನ್ನು ತಿರಸ್ಕಾರದ ಕಣ್ಣಿನಿಂದ ನೋಡಿದಾಗ ಅದು ‘ಆಬ್ಸೀಕ್ವಿಯಸ್’, ಅಂದರೆ ಹಲ್ಲುಗಿಂಜುವಿಕೆ, ಆಗಿಬಿಡುತ್ತದೆ. ಬಾಗಿದ ಬೆನ್ನು ಒಂದೇ, ನೋಡಿದ ಕಣ್ಣು ಬೇರೆ.

ಇನ್ನು ನೀವು ಕೇಳಿದ ಮೂರು. ‘ಸಿವಿಲ್’ ಎಂದರೆ ಕನಿಷ್ಠ ಮರ್ಯಾದೆ: ಜಗಳವಾಡಿದ ದಾಯಾದಿಗಳು ಮದುವೆ ಮನೆಯಲ್ಲಿ ಎದುರಾದಾಗ “ಊಟ ಆಯಿತೇ?” ಎಂದು ಕೇಳುತ್ತಾರಲ್ಲ, ಅದು. ‘ಪೊಲೈಟ್’ ಎಂದರೆ ಮಾತಿನ, ವರ್ತನೆಯ ಹೊರಮೈ ನುಣುಪಾಗಿರುವುದು; ಒಳಗೆ ಏನಿದೆ ಎಂಬುದಕ್ಕೆ ಆ ಪದ ಜಾಮೀನು ಕೊಡುವುದಿಲ್ಲ. ‘ಕರ್ಟಿಯಸ್’ ಎಂದರೆ ಎದುರಿನವರ ಅನುಕೂಲವನ್ನು ಗಮನಿಸಿ ತುಸು ವಿಧಿಪೂರ್ವಕವಾಗಿಯೇ ಉಪಚರಿಸುವುದು.

ಈ ಮೂರರ ಮೂಲವನ್ನು ನೋಡಿದರೆ ಇಳಿಜಾರಿನ ಕಾರಣವೂ ಗೊತ್ತಾಗುತ್ತದೆ. ಪೊಲೈಟ್ ಪದದ ಲ್ಯಾಟಿನ್ ಮೂಲಕ್ಕೆ ‘ಉಜ್ಜಿ ಹೊಳಪು ಕೊಟ್ಟದ್ದು’ ಎಂಬ ಅರ್ಥ. ಅದರ ವಿರುದ್ಧ ಪದ ‘ರೂಡ್’ ಎಂಬುದಕ್ಕೆ ‘ಹದ ಮಾಡದ ಹಸಿ ವಸ್ತು’ ಎಂದು. ನಮ್ಮ ‘ನಯ’ ಮತ್ತು ‘ಒರಟು’ಗಳು ಮಾಡುವ ಕೆಲಸವೂ ಅದೇ. ಸಿವಿಲ್ ಎಂಬುದು ಪೌರ ಎಂಬರ್ಥದ ಪದದಿಂದ, ನಯನಾಜೂಕಿನ ಎಂಬರ್ಥದ ‘ಅರ್ಬೇನ್’ ಎಂಬುದು ನಗರ ಎಂಬರ್ಥದ ಪದದಿಂದ, ಕರ್ಟಿಯಸ್ ಎಂಬುದು ಅರಮನೆಯ ಆಸ್ಥಾನದಿಂದ ಬಂದವು. ಇನ್ನೊಂದು ಕಡೆ ನೋಡಿ: ‘ವಿಲನ್’ ಮೂಲತಃ ಜಮೀನ್ದಾರನ ಹೊಲಮನೆಯಲ್ಲಿ ದುಡಿಯುವವನು, ಇಂದು ಒರಟ ಎಂಬರ್ಥದ ‘ಬೂರ್’ ಒಬ್ಬ ರೈತ, ಅದೇ ಅರ್ಥದ ‘ಚರ್ಲ್’ ಹಳೆಯ ಇಂಗ್ಲಿಷಿನಲ್ಲಿ ಸಾಮಾನ್ಯ ಒಕ್ಕಲಿಗ, ‘ನೇವ್’ ಬರಿಯ ಹುಡುಗ, ಅನಂತರ ಆಳು, ಕೊನೆಗೆ ಕಪಟಿ. ಉತ್ತವರೆಲ್ಲ ಬೈಗುಳವಾದರು, ಊಳಿಗ ಮಾಡಿಸಿಕೊಂಡವರೆಲ್ಲ ಸದ್ಗುಣವಾದರು. ನಾವೇನೂ ಬೇರೆಯಲ್ಲ. ಸಭೆಗೆ ತಕ್ಕವನು ‘ಸಭ್ಯ’, ನಗರದವನು ‘ನಾಗರಿಕ’; ಹಳ್ಳಿಯದು ‘ಗ್ರಾಮ್ಯ’, ಹಳ್ಳಿ ಎಂಬರ್ಥದ ಹಿಂದಿ ಪದದಿಂದ ಬಂದವನು ‘ಗಮಾರ’. ಬಸ್ಸು ಬಾರದ ಹಳ್ಳಿಯಲ್ಲಿ ಹುಟ್ಟಿದ ನನಗೆ ನಿಘಂಟಿನ ಈ ಪುಟಗಳನ್ನು ಓದುವಾಗ ಒಂದು ಬಗೆಯ ಕಸಿವಿಸಿ ಆಗುವುದುಂಟು.

ಉತ್ತರ 2: ನಿವೃತ್ತ ಗುಮಾಸ್ತ

ಮೇಡಂ ಅವರ ಮಾತಿಗೆ ನನ್ನ ಕಡೆಯಿಂದ ಒಂದು ಸಾಕ್ಷಿ. ಸರ್ಕಾರಿ ಕಚೇರಿಯೊಂದರಲ್ಲಿ ನಾನು ಬೆರಳಚ್ಚುಗಾರನಾಗಿದ್ದ ಕಾಲದಲ್ಲಿ, ಸಾಹೇಬರು ನೌಕರರ ಕೆಲಸದ ಬಗೆಗಿನ ಗೌಪ್ಯ ವರದಿಗಳ ಒಕ್ಕಣೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿಗೆ ತಿರುಗಿಸಿ ಬಡಿಯುತ್ತಿದ್ದೆ. ದ್ವಿತೀಯ ದರ್ಜೆ ಸಹಾಯಕನೊಬ್ಬನ ಬಗ್ಗೆ “ಕಚೇರಿ ಕೆಲಸದಲ್ಲಿ ಸದಾ ಮುಂದು” ಎಂದರು. ನಾನು, ಆಫೀಸು ಎಂಬ ಮಾತು ಒಳಗೇ ಇದೆಯಲ್ಲ ಎಂಬ ಧೈರ್ಯದಿಂದ, ‘ಅಫಿಷಸ್’ ಎಂದು ಹಾಕಿದೆ. ಸಾಹೇಬರು ಓದದೆ ಸಹಿ ಮಾಡಿದರು. ಮೇಲಧಿಕಾರಿ ಮಾತ್ರ ಓದಿದರು. “ಈತನನ್ನು ಅಂಕೆಯಲ್ಲಿಡಿ” ಎಂಬ ಟಿಪ್ಪಣಿಯೊಂದಿಗೆ ವರದಿ ಮರಳಿ ಬಂತು. ಆ ಪದಕ್ಕೆ ‘ಬೇಡದಲ್ಲಿ ತಲೆಹಾಕಿ ಅಧಿಕಾರ ಚಲಾಯಿಸುವವನು’ ಎಂಬ ಅರ್ಥವಿದೆ ಎಂದು ನನಗೆ ಗೊತ್ತಾದದ್ದು ಆವತ್ತು. ವರದಿಯನ್ನು ಹೊಸದಾಗಿ ಬರೆಸಿದೆವು. ಆ ಹುಡುಗನಿಗೆ ತೊಂದರೆಯಾಗಲಿಲ್ಲ. ಈ ಕಥೆ ಅವನಿಗೆ ಇಂದಿಗೂ ತಿಳಿದಿಲ್ಲ.

ಇದಕ್ಕಿಂತ ವಿಚಿತ್ರವೆಂದರೆ, ಹೊಗಳಿಕೆಯ ಪದವೇ ಹಾನಿ ಮಾಡುವ ಸಂಗತಿ. ಗೌಪ್ಯ ವರದಿಯಲ್ಲಿ ‘ಗುಡ್’ ಎಂದು ಬಂದರೆ ಬಡ್ತಿ ತಪ್ಪುವ ಹುದ್ದೆಗಳಿದ್ದವು, ಏಕೆಂದರೆ ಅಲ್ಲಿ ಬೇಕಾದದ್ದು ‘ವೆರಿ ಗುಡ್’. ಇಂಥದೇ ಒಂದು ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು, ‘ಗುಡ್’ ಎಂಬ ನಮೂದು ಬಡ್ತಿಗೆ ಅಡ್ಡಿಯಾಗುವುದಾದರೆ ಆ ಸಂದರ್ಭದಲ್ಲಿ ಅದು ಪ್ರತಿಕೂಲ ನಮೂದೇ ಸರಿ ಎಂದು ಹೇಳಿ, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕು ಎಂದು ತೀರ್ಪು ಕೊಟ್ಟಿತು. ಒಳ್ಳೆಯವನು ಎಂದು ಬರೆದು ಕೆಟ್ಟದ್ದು ಮಾಡಬಹುದು ಎಂಬುದು ನ್ಯಾಯಾಲಯದಲ್ಲಿಯೂ ರುಜುವಾತಾದ ಸಂಗತಿ. ಪದದ ಬೆಲೆ ನಿಘಂಟಿನಲ್ಲಿಲ್ಲ, ಅದರ ಮೇಲೆ ಎಷ್ಟು ಮೆಟ್ಟಿಲುಗಳಿವೆ ಎಂಬುದರಲ್ಲಿದೆ.

ಉತ್ತರ 3: ಮೈಸೂರಿನ ಅನುವಾದಕಿ

ಗುಮಾಸ್ತರೇ, ನೀವು ತಪ್ಪು ಮಾಡಲಿಲ್ಲ. ಸುಮಾರು ಎರಡು ಶತಮಾನ ತಡವಾಗಿ ಸರಿ ಮಾಡಿದಿರಿ. ‘ಅಫಿಷಸ್’ ಒಂದು ಕಾಲಕ್ಕೆ ‘ಕರ್ತವ್ಯ ಮರೆಯದ, ಪರರಿಗೆ ಒದಗುವ’ ಎಂಬ ಶುದ್ಧ ಹೊಗಳಿಕೆಯಾಗಿತ್ತು. 1755ರಲ್ಲಿ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ತನ್ನ ಮನೆಯಲ್ಲಿಯೇ ಇದ್ದು ಲಂಡನ್ನಿನ ಬಡವರಿಗೆ ಔಷಧಿ ಕೊಡುತ್ತಿದ್ದ ರಾಬರ್ಟ್ ಲೆವೆಟ್ 1782ರಲ್ಲಿ ತೀರಿಕೊಂಡಾಗ ಬರೆದ ಶೋಕಗೀತೆಯಲ್ಲಿ ಆ ಗೆಳೆಯನನ್ನು ಇದೇ ಪದದಿಂದ ಹೊಗಳಿದ್ದಾನೆ. ಇಂದು ಯಾರ ಸಾವಿನಲ್ಲಾದರೂ ಹಾಗೆ ಬರೆದರೆ ಮನೆಯವರು ಮಾತು ಬಿಡುತ್ತಾರೆ.

ಇಂದು ‘ಎದುರಿನವರನ್ನು ಕೀಳಾಗಿ ಕಾಣುವ’ ಎಂಬರ್ಥದ ‘ಕಾಂಡಿಸೆಂಡಿಂಗ್’ ಕೂಡ ಹೀಗೆಯೇ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಕಾಲಿನ್ಸ್ ಎಂಬ ಪಾದ್ರಿ ತನ್ನ ಆಶ್ರಯದಾತೆಯ ‘ಕಾಂಡಿಸೆನ್ಷನ್’ ಅನ್ನು ಭಕ್ತಿಯಿಂದ ಕೊಂಡಾಡುತ್ತಾನೆ: ಅಷ್ಟು ಎತ್ತರದಲ್ಲಿದ್ದೂ ಇಳಿದು ಬಂದು ಮಾತನಾಡಿಸಿದರಲ್ಲ ಎಂಬ ಧನ್ಯತೆ ಅವನದು. ಅಂತಸ್ತು ದೈವದತ್ತ ಎಂದು ಎಲ್ಲರೂ ನಂಬಿದ್ದಾಗ ಇಳಿದು ಬರುವುದು ಉಪಕಾರವಾಗಿತ್ತು. ಆ ನಂಬಿಕೆ ಸಡಿಲವಾದ ಮೇಲೆ, ನೀನು ಮೇಲಿದ್ದೀ ಎಂದು ಹೇಳಿದವರು ಯಾರು ಎಂಬ ಸಿಟ್ಟು ಅದೇ ಪದದೊಳಗೆ ಸೇರಿಕೊಂಡಿತು. ಕಾದಂಬರಿಗಾರ್ತಿ ಆಗಲೇ ಒಳಗೊಳಗೆ ನಗುತ್ತಿದ್ದಾಳೆ ಎಂಬುದು ಬೇರೆ ಮಾತು.

ಉತ್ತರ 4: ಲೀಡ್ಸ್‌ನಿಂದ ಒಬ್ಬ

ನಾನು ಇಲ್ಲಿ, ಇಂಗ್ಲೆಂಡಿನ ಕಾಲೇಜೊಂದರಲ್ಲಿ ಪ್ರವೇಶಾತಿಯ ಅರ್ಜಿಗಳನ್ನು ಓದುವ ಕೆಲಸದಲ್ಲಿ ಕೆಲವು ವರ್ಷ ಇದ್ದೆ. ಹುಬ್ಬಳ್ಳಿಯವನಾದ್ದರಿಂದ ನಮ್ಮ ಕಡೆಯ ಪತ್ರಗಳು ಬಂದಾಗ ಅವುಗಳ ಹಿಂದಿನ ಕನ್ನಡ ನನಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಕುಳಿತವರಿಗೆ ಕೇಳಿಸುತ್ತಿರಲಿಲ್ಲ.

‘ಒಬೀಡಿಯಂಟ್’ ವಿಚಾರ. ನಾವು ಶಾಲೆಯಲ್ಲಿ “ಇಂತಿ ತಮ್ಮ ವಿಧೇಯ ವಿದ್ಯಾರ್ಥಿ” ಎಂದು ರಜಾ ಅರ್ಜಿ ಬರೆದು ಬೆಳೆದವರು. ಇಂಗ್ಲಿಷರೂ ಒಂದು ಕಾಲಕ್ಕೆ ಪತ್ರದ ಕೊನೆಯಲ್ಲಿ ‘ನಿಮ್ಮ ವಿಧೇಯ ಸೇವಕ’ ಎಂದು ಧಾರಾಳವಾಗಿ ಸಹಿ ಹಾಕುತ್ತಿದ್ದರು, ನಮ್ಮ ಅರ್ಜಿಯ ಮಾದರಿ ಅದರ ನೆರಳೇ ಇರಬೇಕು. ಆದರೆ ಈಗ ಇಲ್ಲಿ ಆ ಪದ ಚಿಕ್ಕ ಮಕ್ಕಳಿಗೆ ಮತ್ತು ನಾಯಿಗಳಿಗೆ ಮೀಸಲು. ಸ್ವಂತ ವಿಚಾರದಿಂದ ಸಂಶೋಧನೆ ಮಾಡಬೇಕಾದ ವಿದ್ಯಾರ್ಥಿನಿ ಒಬೀಡಿಯಂಟ್ ಎಂದರೆ, ಹೇಳಿದ್ದನ್ನಷ್ಟೇ ಮಾಡುವವಳು ಎಂದು ಓದಿಕೊಳ್ಳುತ್ತಾರೆ. ‘ಡೊಸೈಲ್’ ಎಂಬ ಪದವನ್ನೂ ಬಳಸಬೇಡಿ. ಅದರ ಲ್ಯಾಟಿನ್ ಮೂಲದಲ್ಲಿ ‘ಕಲಿಸಿದರೆ ಕಲಿಯಬಲ್ಲವನು’ ಎಂಬ ಚೆಂದದ ಅರ್ಥವಿದ್ದರೂ, ಇಂದು ಅದು ಮೂಗುದಾರ ಹಾಕಿದ ಎತ್ತನ್ನು ನೆನಪಿಸುತ್ತದೆ.

ಬ್ರಿಟಿಷರ ಇನ್ನೊಂದು ಅಭ್ಯಾಸವನ್ನು ತಿಳಿದಿರಬೇಕು. ಅವರು ಹೊಗಳುವಾಗ ಅಳೆದು ಸುರಿಯುತ್ತಾರೆ, ತೆಗಳುವಾಗ ಸಕ್ಕರೆ ಬೆರೆಸುತ್ತಾರೆ. “ಅವನು ನನ್ನೊಂದಿಗೆ ಸಾಕಷ್ಟು ಸಿವಿಲ್ ಆಗಿಯೇ ಇದ್ದ” ಎಂದರೆ, ಬಾಗಿಲು ಮುಖಕ್ಕೆ ಬಡಿಯಲಿಲ್ಲ, ಒಳಗೂ ಕರೆಯಲಿಲ್ಲ ಎಂದು ತಿಳಿಯಬೇಕು. ‘ಕ್ವೈಟ್ ಗುಡ್’ ಎಂಬುದನ್ನು ಅಮೆರಿಕದವರು ‘ತುಂಬ ಚೆನ್ನಾಗಿದೆ’ ಎಂದು ತೆಗೆದುಕೊಂಡರೆ, ಇಲ್ಲಿನವರ ಬಾಯಲ್ಲಿ ಅದು ಬಹುಮಟ್ಟಿಗೆ ‘ಪರವಾಗಿಲ್ಲ’. “ವಿತ್ ರೆಸ್ಪೆಕ್ಟ್” ಎಂದು ಮಾತು ಶುರುವಾದರೆ ಮರ್ಯಾದೆ ಮುಗಿಯಿತು ಎಂದೇ ಲೆಕ್ಕ.

ಇನ್ನು ಶಿಫಾರಸು ಪತ್ರದ ಚರಿತ್ರೆಯೇ ಈ ದೇಶದಲ್ಲಿ ಸ್ವಾರಸ್ಯಕರವಾಗಿದೆ. ಇಲ್ಲಿ ಮನೆಗೆಲಸದವರು ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೆಯ ಯಜಮಾನರು ಬರೆದುಕೊಡುತ್ತಿದ್ದ ಪತ್ರಕ್ಕೆ ‘ಕ್ಯಾರಕ್ಟರ್’ ಎಂದೇ ಹೆಸರಿತ್ತು. ಆ ಕಾಗದವಿಲ್ಲದೆ ಕೆಲಸ ಸಿಗುವುದು ಕಷ್ಟ. ಹಾಗೆಂದು ಅದನ್ನು ಬರೆದುಕೊಡಲೇಬೇಕೆಂಬ ಕಟ್ಟುಪಾಡು ಯಜಮಾನನಿಗೆ ಇರಲಿಲ್ಲ. ಸುಳ್ಳು ಪತ್ರಗಳ ಹಾವಳಿ ಹೆಚ್ಚಾಗಿ 1792ರಲ್ಲಿ ಪಾರ್ಲಿಮೆಂಟು ಅದಕ್ಕೊಂದು ಕಾನೂನನ್ನೇ ತಂದಿತು. ನಮ್ಮ ಶಾಲೆಗಳ ವರ್ಗಾವಣೆ ಪತ್ರದಲ್ಲಿ ‘ಕ್ಯಾರಕ್ಟರ್ ಅಂಡ್ ಕಾಂಡಕ್ಟ್’ ಎಂಬ ಸಾಲು ಕಂಡಾಗಲೆಲ್ಲ ನನಗೆ ಆ ಅಡುಗೆಯವರು, ಕುದುರೆಲಾಯದವರು ನೆನಪಾಗುತ್ತಾರೆ.

ಆದ್ದರಿಂದ ಮೇಷ್ಟರೇ, ವಿಶೇಷಣಗಳನ್ನು ಬದಲಿಸುವುದಕ್ಕಿಂತ ಬಿಟ್ಟುಬಿಡುವುದು ಲೇಸು. ನಿಮ್ಮ ಪ್ರಶ್ನೆಯಲ್ಲಿಯೇ ಬ್ಯೂರೆಟ್ಟಿನ ಸಂಗತಿ ಹೇಳಿದ್ದೀರಿ. ಅದನ್ನು ಪತ್ರದಲ್ಲಿ ಏಕೆ ಬರೆಯಲಿಲ್ಲ?

ಉತ್ತರ 5: ಬನಶಂಕರಿಯ ಓದುಗ

ಇಷ್ಟೊಂದು ಅಳುಕು ಬೇಡ ಎಂಬುದು ನನ್ನ ಅಭಿಪ್ರಾಯ. ‘ಹೋಮ್ಲಿ’ಗೆ ಭಾರತದಲ್ಲಿ ಒಂದು ಅರ್ಥ ಗಟ್ಟಿಯಾಗಿ ನೆಲೆನಿಂತಿದ್ದರೆ ಅದು ತಪ್ಪಲ್ಲ, ಅದು ನಮ್ಮ ಇಂಗ್ಲಿಷ್. ‘ನೈಸ್’ ಎಂಬ ಪದವನ್ನೇ ತೆಗೆದುಕೊಳ್ಳಿ: ಲ್ಯಾಟಿನ್ನಿನ ‘ಅರಿಯದವನು’ ಎಂಬುದರಿಂದ ಹೊರಟು, ಇಂಗ್ಲಿಷಿನಲ್ಲಿ ಮೊದಲು ‘ಪೆದ್ದ’ ಎಂದಾಗಿ, ಆಮೇಲೆ ‘ಸೂಕ್ಷ್ಮ’ ಎಂದಾಗಿ, ಕೊನೆಗೆ ‘ಒಳ್ಳೆಯ’ ಎಂದಾಯಿತು. ನಮ್ಮಲ್ಲಿ ಅದು ಅಡುಗೆಮನೆ ಹೊಕ್ಕು “ಹಿಟ್ಟು ನೈಸಾಗಿ ರುಬ್ಬು” ಎಂದಾಯಿತು, “ಅವನನ್ನು ನೈಸ್ ಮಾಡಿ ಕೆಲಸ ತೆಗೆದುಕೊಂಡ” ಎಂದೂ ಆಯಿತು. ‘ಸಿಲ್ಲಿ’ ಇದರ ತಿರುವು ದಾರಿ ಹಿಡಿದು, ‘ಧನ್ಯ’ ಎಂಬಲ್ಲಿಂದ ‘ಮಂಕು’ ಎಂಬಲ್ಲಿಗೆ ಇಳಿಯಿತು. ಅವರು ಇಷ್ಟೆಲ್ಲ ಬದಲಿಸಬಹುದಾದರೆ ನಾವು ಒಂದು ‘ಹೋಮ್ಲಿ’ಯನ್ನು ಬದಲಿಸಬಾರದೇ? ಪತ್ರ ಓದುವವರು ಬೆಂಗಳೂರಿನವರಾಗಿದ್ದರೆ ನಾನು ಆ ಪದವನ್ನು ತೆಗೆಯುತ್ತಿರಲಿಲ್ಲ. (ಹುಡುಗಿಯ ವಿದ್ಯಾಭ್ಯಾಸಕ್ಕೂ ಮನೆಗೆಲಸಕ್ಕೂ ಏನು ಸಂಬಂಧ ಎಂದು ಕೇಳಿ ಬೇರೆ ಕಾರಣಕ್ಕೆ ತೆಗೆಯುತ್ತಿದ್ದೆ.)

ಉತ್ತರ 6: ರಸಾಯನದ ಮೇಷ್ಟರು

ಎಲ್ಲರಿಗೂ ಕೃತಜ್ಞತೆಗಳು. ಬನಶಂಕರಿಯವರ ಕಂಸದೊಳಗಿನ ಮಾತು ನೇರವಾಗಿ ತಾಗಿತು. ‘ಹೋಮ್ಲಿ’ ಎಂದು ಏಕೆ ಬರೆದೆ ಎಂದು ಯೋಚಿಸಿದರೆ, ಹುಡುಗನೊಬ್ಬನಿಗೆ ನಾನು ಹಾಗೆ ಎಂದೂ ಬರೆದಿಲ್ಲ ಎಂಬುದು ಹೊಳೆಯಿತು.

ಒಂದು ತೊಡಕು ಇನ್ನೂ ಉಳಿದಿದೆ. ಈ ಹುಡುಗಿಯ ಸ್ವಭಾವವನ್ನು ಕನ್ನಡದಲ್ಲಿ ಹೇಳುವುದಾದರೆ ನಾನು ‘ದಾಕ್ಷಿಣ್ಯದವಳು’ ಎನ್ನುತ್ತಿದ್ದೆ. ಯಾರಾದರೂ ಕೇಳಿದರೆ ಇಲ್ಲವೆನ್ನಲಾರಳು. ತನ್ನ ಸರದಿಯ ತಕ್ಕಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಸಂಜೆ ಆರರವರೆಗೆ ಕಾದದ್ದುಂಟು. ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಅದಿರಲಿ, ಇದನ್ನು ಗುಣವೆಂದು ಬರೆಯಬೇಕೋ ದೋಷವೆಂದು ಮುಚ್ಚಿಡಬೇಕೋ?

ಉತ್ತರ 7: ಮೈಸೂರಿನ ಅನುವಾದಕಿ

ಇದಕ್ಕೆ ನನ್ನಲ್ಲಿ ಒಂದು ಪದದ ಉತ್ತರವಿಲ್ಲ. ‘ದಕ್ಷಿಣ’ ಎಂದರೆ ಬಲಗೈ ಕಡೆ. ಅದರಿಂದ ಹುಟ್ಟಿದ ದಾಕ್ಷಿಣ್ಯಕ್ಕೆ ಸಂಸ್ಕೃತದಲ್ಲಿ ಕೌಶಲ, ಸೌಜನ್ಯ ಎಂಬ ಅರ್ಥಗಳಿವೆ. ಇಂಗ್ಲಿಷು ಕೂಡ ಲ್ಯಾಟಿನ್ನಿನ ‘ಬಲ’ದಿಂದ ‘ಡೆಕ್ಸ್ಟರಸ್’, ಅಂದರೆ ಕುಶಲ, ಎಂಬ ಹೊಗಳಿಕೆಯನ್ನೂ, ಫ್ರೆಂಚರ ‘ಎಡ’ದಿಂದ ‘ಗೋಷ್’, ಅಂದರೆ ನಾಲ್ಕು ಜನರ ನಡುವೆ ಹೇಗಿರಬೇಕೆಂದು ತಿಳಿಯದವನು, ಎಂಬ ತೆಗಳಿಕೆಯನ್ನೂ ಪಡೆದಿದೆ. ಆದರೆ ಎದುರಿನವರ ಮುಖ ನೋಡಿ ‘ಇಲ್ಲ’ ಎನ್ನಲಾಗದ ಆ ಸಂಕಟ, ಕನ್ನಡಿಗರು ದಾಕ್ಷಿಣ್ಯಕ್ಕೆ ತುಂಬಿದ್ದು, ಅಲ್ಲಿ ಸಿಗುವುದಿಲ್ಲ. ‘ಕನ್ಸಿಡರೇಟ್’ (ಪರರ ಅನುಕೂಲವನ್ನು ನೆನೆಯುವ) ಎಂದರೆ ಅದರ ಒಳ್ಳೆಯ ಅರ್ಧ ಸಿಗುತ್ತದೆ. ‘ಅಕಾಮಡೇಟಿಂಗ್’ (ಪರರಿಗೆ ಹೊಂದಿಕೊಳ್ಳುವ) ಎಂದರೆ ಇನ್ನೂ ಸ್ವಲ್ಪ. ಸಂಕಟದ ಅರ್ಧವನ್ನು ಶಿಫಾರಸು ಪತ್ರದಲ್ಲಿ ಹೇಳುವ ಅಗತ್ಯವೂ ಇಲ್ಲ.

ನಮ್ಮ ಪದಗಳೂ ಎರಡು ಮುಖದವೇ ಎಂಬುದನ್ನು ಮರೆಯದಿರೋಣ. ‘ಮುಗ್ಧ’ ಮತ್ತು ‘ಮೂಢ’ ಎರಡೂ ಸಂಸ್ಕೃತದ ಒಂದೇ ಧಾತುವಿನ, ಒಂದೇ ಬಗೆಯ ರೂಪಗಳು. ಒಂದನ್ನು ಮಗುವಿಗೆ ಕೊಟ್ಟೆವು, ಇನ್ನೊಂದನ್ನು ನೆರೆಯವನಿಗೆ ಕೊಟ್ಟೆವು. ‘ನಯ’ ಹೊಗಳಿಕೆಯಾದರೂ ಅದರ ಪಕ್ಕದಲ್ಲಿಯೇ ‘ನಯವಂಚಕ’ ಕುಳಿತಿದ್ದಾನೆ. ಮೇಷ್ಟರ ‘ಇನ್ನೊಸೆಂಟ್’ ಹಿಂದೆ ಇದ್ದದ್ದು ಈ ‘ಮುಗ್ಧ’ವೇ ಇರಬೇಕು.

ಉತ್ತರ 8: ಲೀಡ್ಸ್‌ನಿಂದ ಒಬ್ಬ

ತಕ್ಕಡಿಯ ಸಂಗತಿಯನ್ನು ಹಾಗೆಯೇ ಬರೆಯಿರಿ. ಇಲ್ಲವೆನ್ನಲಾರದ ಸ್ವಭಾವವನ್ನು ನೀವು ವಿವರಿಸಬೇಕಾಗಿಲ್ಲ. ಆದರೆ ಆರು ಗಂಟೆಯವರೆಗೆ ಕಾದು ಆಮೇಲೆ ಏನು ಮಾಡಿದಳು ಎಂಬುದನ್ನು ಬರೆಯದಿದ್ದರೆ, ಅಲ್ಲಿಗೆ ಅವಳು ಪಾಪದ ಹುಡುಗಿಯಾಗಿ ಉಳಿಯುತ್ತಾಳೆ.

ಉತ್ತರ 9: ರಸಾಯನದ ಮೇಷ್ಟರು

ಇಂದು ಬೆಳಿಗ್ಗೆ ಪತ್ರವನ್ನು ಹೊಸದಾಗಿ ಬರೆದೆ. ನಡತೆಯ ಭಾಗಕ್ಕೆ ಈಗ ಇರುವುದು ಇಷ್ಟು, ಕನ್ನಡದಲ್ಲಿ ಹೇಳುವುದಾದರೆ: ‘ಪ್ರಯೋಗಾಲಯದಲ್ಲಿ ಒಂದೇ ತಕ್ಕಡಿ ಇದ್ದ ದಿನ ಈಕೆ ಅದನ್ನು ಮೂವರು ಸಹಪಾಠಿಗಳಿಗೆ ಬಿಟ್ಟುಕೊಟ್ಟು, ಸಂಜೆ ಆರರ ಮೇಲೆ ತನ್ನ ತೂಕಗಳನ್ನು ತೆಗೆದುಕೊಂಡಳು, ಮೊದಲ ಟೈಟ್ರೇಷನ್ನಿನ ಫಲಿತಾಂಶ ಸರಿ ಕಾಣದಿದ್ದಾಗ, ಮನೆಗೆ ಹೋಗಬಹುದು ಎಂದು ನಾನು ಹೇಳಿದರೂ ಒಪ್ಪದೆ, ಇನ್ನೂ ಎರಡು ಬಾರಿ ಮಾಡಿ ಹೋದಳು.’ ವಿಶೇಷಣಗಳಲ್ಲಿ ‘ಕನ್ಸಿಡರೇಟ್’ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಬರೆದು ಮುಗಿಸಿದ ಮೇಲೆ ಗಮನಿಸಿದೆ, ನಾನು ‘ಒಬೀಡಿಯಂಟ್’ ಎಂದು ಕರೆದಿದ್ದವಳು ಆ ಸಂಜೆ ನನ್ನ ಮಾತನ್ನೇ ಕೇಳಿರಲಿಲ್ಲ.